ಮಗ್ಗಕ್ಕೇರುವ ಮೊದಲೇ ಮೂಡುವ ಚಿತ್ತಾರ: ಪೋಚಂಪಲ್ಲಿ ರೇಷ್ಮೆ ಸ್ಕಾರ್ಫ್ ತಯಾರಾಗುವುದು ಹೀಗೆ

ಹೈದರಾಬಾದ್‌ನ ಶಿಲ್ಪಾರಾಮಂ ಇರಲಿ, ದೆಹಲಿಯ ದಿಲ್ಲಿ ಹಾಟ್ ಇರಲಿ, ಕೈಮಗ್ಗದ ಮಳಿಗೆಗಳಲ್ಲಿ ಒಂದು ಬಗೆಯ ರೇಷ್ಮೆ ಸ್ಕಾರ್ಫ್ ಗಮನ ಸೆಳೆಯುತ್ತದೆ. ಬಣ್ಣ ಬಣ್ಣದ ಚೌಕ, ವಜ್ರ, ಗಿಳಿ, ಆನೆಗಳ ವಿನ್ಯಾಸ. ಆದರೆ ಯಾವ ಗೆರೆಯೂ ಕತ್ತರಿಸಿದಂತೆ ನೇರವಾಗಿಲ್ಲ, ಅಂಚು ಕೊಂಚ ಮಸುಕು. ಇದೇ ಪೋಚಂಪಲ್ಲಿ ಇಕತ್. ಹೆಚ್ಚುಕಡಿಮೆ ಇದೇ ವಿನ್ಯಾಸದ ಪ್ರಿಂಟೆಡ್ ಸ್ಕಾರ್ಫ್ ತೀರಾ ಅಗ್ಗದ ದರಕ್ಕೆ ಸಿಗುವುದೂ ಉಂಟು. ಬೆಲೆಯಲ್ಲಿ ಇಷ್ಟೊಂದು ಅಂತರ ಏಕೆ? ಉತ್ತರ ಮಗ್ಗದಲ್ಲಿಲ್ಲ, ಮಗ್ಗಕ್ಕೂ ಮೊದಲು ನಡೆಯುವ ಕೆಲಸದಲ್ಲಿದೆ.

ಎಲ್ಲಿದೆ ಈ ಊರು?

ತೆಲಂಗಾಣದ ಯಾದಾದ್ರಿ ಭುವನಗಿರಿ ಜಿಲ್ಲೆಯಲ್ಲಿರುವ ಪೋಚಂಪಲ್ಲಿ, ಹೈದರಾಬಾದ್‌ನಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದಷ್ಟು ಹತ್ತಿರ. 1951ರಲ್ಲಿ ವಿನೋಬಾ ಭಾವೆ ಅವರ ಭೂದಾನ ಚಳವಳಿ ಆರಂಭವಾದದ್ದು ಇಲ್ಲೇ. ಹಾಗಾಗಿ ಊರಿನ ಪೂರ್ಣ ಹೆಸರು ಭೂದಾನ್ ಪೋಚಂಪಲ್ಲಿ. ಇಲ್ಲಿನ ಇಕತ್‌ಗೆ ಎರಡು ದಶಕಗಳ ಹಿಂದೆಯೇ ಜಿಐ ಟ್ಯಾಗ್ ಸಿಕ್ಕಿದೆ. 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಈ ಊರನ್ನು ವಿಶ್ವದ ಅತ್ಯುತ್ತಮ ಪ್ರವಾಸಿ ಗ್ರಾಮಗಳ ಪಟ್ಟಿಗೆ ಸೇರಿಸಿತು.

ಇಕತ್ ಎಂದರೇನು?

ಬಟ್ಟೆಯ ಮೇಲೆ ಚಿತ್ತಾರ ಮೂಡಿಸಲು ಹಲವು ದಾರಿಗಳಿವೆ. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವುದು ನೇಯ್ಗೆ ಮುಗಿದ ನಂತರ. ಕಾಂಚೀಪುರಂ ಸೀರೆಯ ಜರಿ ಬುಟ್ಟಾ, ಪೈಠಣಿಯ ನವಿಲು ಮೂಡುವುದು ನೇಯುವಾಗ. ಇಕತ್‌ನಲ್ಲಿ ಮಾತ್ರ ಚಿತ್ತಾರ ನೇಯ್ಗೆಗೂ ಮೊದಲೇ ನೂಲಿನ ಮೇಲೆ ಸಿದ್ಧವಾಗಿರುತ್ತದೆ. 'ಕಟ್ಟು' ಎಂಬ ಅರ್ಥದ ಮಲಯ ಮೂಲದ ಪದ ಇಕತ್. ನೂಲನ್ನು ಅಲ್ಲಲ್ಲಿ ಬಿಗಿಯಾಗಿ ಕಟ್ಟಿ ಬಣ್ಣಕ್ಕೆ ಅದ್ದುವುದೇ ಇದರ ಮೂಲ ತಂತ್ರ.

ಮಗ್ಗದಲ್ಲಿ ಉದ್ದಕ್ಕೆ ಹಾಯುವ ನೂಲು ಹಾಸು, ಅಡ್ಡಕ್ಕೆ ಹಾಯುವುದು ಹೊಕ್ಕು. ಎರಡರಲ್ಲಿ ಒಂದಕ್ಕೆ ಮಾತ್ರ ಹೀಗೆ ಬಣ್ಣ ಹಾಕಿದರೆ ಸಿಂಗಲ್ ಇಕತ್. ಎರಡಕ್ಕೂ ಹಾಕಿ, ನೇಯುವಾಗ ಬಣ್ಣಕ್ಕೆ ಬಣ್ಣ ಕೂಡಿಸಿದರೆ ಡಬಲ್ ಇಕತ್. ಗುಜರಾತಿನ ಪಾಟಣ್ ಪಟೋಲಾ ಮತ್ತು ತೆಲಂಗಾಣದ ಪುಟ್ಟಪಾಕದ ತೇಲಿಯಾ ರುಮಾಲ್ ಈ ಎರಡನೇ ಬಗೆಗೆ ಹೆಸರಾಗಿವೆ.

ಮೊದಲ ಹಂತ: ನೂಲು

ಪೋಚಂಪಲ್ಲಿಗೆ ರೇಷ್ಮೆ ನೂಲು ಬೆಂಗಳೂರಿನ ಮಾರುಕಟ್ಟೆಯಿಂದಲೂ ಹೋಗುತ್ತದೆ. ದೇಶದಲ್ಲಿ ಅತಿ ಹೆಚ್ಚು ಕಚ್ಚಾ ರೇಷ್ಮೆ ಉತ್ಪಾದಿಸುವ ರಾಜ್ಯ ಕರ್ನಾಟಕವೇ. ಕಚ್ಚಾ ರೇಷ್ಮೆಯ ಮೇಲೆ ಸೆರಿಸಿನ್ ಎಂಬ ಅಂಟು ಇರುತ್ತದೆ. ಸೋಪು, ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಕುದಿಸಿ ಅದನ್ನು ತೆಗೆದರೆ ನೂಲಿನ ತೂಕ ಸುಮಾರು ಕಾಲು ಭಾಗದಷ್ಟು ಇಳಿಯುತ್ತದೆ. ರೇಷ್ಮೆಗೆ ಹೊಳಪು, ಮೃದುತ್ವ ಬರುವುದು ಮತ್ತು ಬಣ್ಣ ಸರಿಯಾಗಿ ಹಿಡಿಯುವುದು ಇದಾದ ಮೇಲೆ.

ಆಸು: ಕೈ ಸೋಲಿಸುವ ಕೆಲಸ

ಹೊಕ್ಕಿನ ನೂಲನ್ನು ಬಟ್ಟೆಯ ಅಗಲಕ್ಕೆ ಸರಿಹೊಂದುವಂತೆ ಸುತ್ತಿಕೊಳ್ಳುವ ಹಂತಕ್ಕೆ ಇಲ್ಲಿ ಆಸು ಎನ್ನುತ್ತಾರೆ. ಒಂದು ಕಡೆ ಒಂದು ಗೂಟ, ಎದುರಿಗೆ ಅರ್ಧವೃತ್ತದಲ್ಲಿ ಸಾಲು ಗೂಟಗಳು. ನೂಲನ್ನು ಕೈಯಲ್ಲಿ ಹಿಡಿದು ಇವುಗಳ ನಡುವೆ ಅತ್ತಿಂದಿತ್ತ ಎಳೆಯುತ್ತಲೇ ಇರಬೇಕು. ಒಂದು ಸೀರೆಗೆ ಸುಮಾರು 9,000 ಬಾರಿ ಕೈ ಆಡಿಸಬೇಕಾಗುತ್ತದೆ. ಸ್ಕಾರ್ಫ್‌ನ ಉದ್ದ ಕಡಿಮೆ, ಹಾಗಾಗಿ ಲೆಕ್ಕವೂ ಕಡಿಮೆ. ಶ್ರಮದ ಸ್ವರೂಪ ಮಾತ್ರ ಅದೇ. ಬಹುತೇಕ ಮನೆಗಳಲ್ಲಿ ಈ ಕೆಲಸ ಹೆಂಗಸರದ್ದು. ಭುಜ, ಮೊಣಕೈ ನೋವು ಇದರ ಜೊತೆಗೇ ಬರುತ್ತದೆ.

ತಾಯಿ ಲಕ್ಷ್ಮಿ ಪಡುತ್ತಿದ್ದ ಈ ನೋವನ್ನು ನೋಡಿಯೇ ಚಿಂತಕಿಂದಿ ಮಲ್ಲೇಶಂ 'ಲಕ್ಷ್ಮಿ ಆಸು ಯಂತ್ರ' ರೂಪಿಸಿದರು. ಅವರ ಶಾಲಾ ಶಿಕ್ಷಣ ಅರ್ಧಕ್ಕೇ ನಿಂತಿತ್ತು. ಗಂಟೆಗಟ್ಟಲೆ ಹಿಡಿಯುತ್ತಿದ್ದ ಕೆಲಸ ಯಂತ್ರದಿಂದ ಹಗುರವಾಯಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 2019ರಲ್ಲಿ ತೆರೆಕಂಡ ತೆಲುಗು ಚಿತ್ರ 'ಮಲ್ಲೇಶಂ' ಅವರದೇ ಕಥೆ.

ಕಟ್ಟು, ಅದ್ದು, ಬಿಚ್ಚು

ಸುತ್ತಿದ ನೂಲಿನ ಮೇಲೆ ವಿನ್ಯಾಸದ ಅಳತೆಯಂತೆ ಗುರುತು ಹಾಕುತ್ತಾರೆ. ಬಣ್ಣ ತಗಲಬಾರದ ಭಾಗವನ್ನು ಸೈಕಲ್ ಟ್ಯೂಬ್‌ನಿಂದ ಕತ್ತರಿಸಿದ ರಬ್ಬರ್ ಪಟ್ಟಿಯಿಂದ ಬಿಗಿಯುತ್ತಾರೆ.

ಉದಾಹರಣೆಗೆ, ಬಿಳಿ, ಕೆಂಪು, ಕಪ್ಪು ಮೂರು ಬಣ್ಣದ ಸ್ಕಾರ್ಫ್ ಎಂದುಕೊಳ್ಳಿ. ಮೊದಲು ಬಿಳಿ ಉಳಿಯಬೇಕಾದ ಕಡೆ ಕಟ್ಟಿ ಕೆಂಪಿಗೆ ಅದ್ದಬೇಕು. ಒಣಗಿದ ಮೇಲೆ, ಕೆಂಪು ಉಳಿಯಬೇಕಾದ ಭಾಗಕ್ಕೂ ಕಟ್ಟು ಹಾಕಿ ಕಪ್ಪಿಗೆ ಅದ್ದಬೇಕು. ಕೊನೆಗೆ ಎಲ್ಲ ಕಟ್ಟು ಬಿಚ್ಚಿದಾಗ ಒಂದೇ ಎಳೆಯಲ್ಲಿ ಮೂರು ಬಣ್ಣ. ತಿಳಿ ಬಣ್ಣದಿಂದ ಗಾಢ ಬಣ್ಣದ ಕಡೆಗೆ ಸಾಗುವುದು ಸಾಮಾನ್ಯ ಕ್ರಮ. ಬಣ್ಣ ಹೆಚ್ಚಿದಷ್ಟೂ ಕಟ್ಟುವ ಸುತ್ತು ಹೆಚ್ಚುತ್ತದೆ, ಬೆಲೆಯೂ ಏರುತ್ತದೆ.

ಮಗ್ಗ ಸರಳ, ಕಣ್ಣು ಚುರುಕು

ಇಷ್ಟಾದ ಮೇಲೆ ನೂಲು ಮಗ್ಗಕ್ಕೆ ಬರುತ್ತದೆ. ಸಾಂಪ್ರದಾಯಿಕವಾಗಿ ಇದು ಕುಣಿ ಮಗ್ಗ: ನೇಕಾರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾನೆ. ಎರಡು ಪೆಡಲ್, ಒಂದು ಹಣಿಗೆ, ಒಂದು ಲಾಳಿ ಸಾಕು. ಚಿತ್ತಾರ ನೂಲಿನಲ್ಲೇ ಇರುವುದರಿಂದ ನೇಯ್ಗೆ ಒಂದರ ಮೇಲೆ ಒಂದು, ಒಂದರ ಕೆಳಗೆ ಒಂದು ಎನ್ನುವ ಸಾದಾ ನೇಯ್ಗೆ. ಜಕಾರ್ಡ್ ಬೇಕಿಲ್ಲ.

ಆದರೆ ಹೊಕ್ಕಿನ ಕಂಡಿಕೆಗಳು ವಿನ್ಯಾಸದ ಕ್ರಮದಲ್ಲೇ ಲಾಳಿಗೆ ಹೋಗಬೇಕು. ಒಂದು ಅದಲು ಬದಲಾದರೆ ಗಿಳಿಯ ಕೊಕ್ಕು ಬಾಲದ ಜಾಗಕ್ಕೆ ಬಂದೀತು. ಪ್ರತಿ ಎಳೆ ಹಾಯಿಸಿದ ಮೇಲೂ ನೇಕಾರ ಅದನ್ನು ಅಂಚಿನಲ್ಲಿ ತುಸು ಎಳೆದೋ ಸಡಿಲಿಸಿಯೋ ಹಿಂದಿನ ಎಳೆಯ ಬಣ್ಣಕ್ಕೆ ಹೊಂದಿಸುತ್ತಾನೆ. ಎಷ್ಟೇ ಹೊಂದಿಸಿದರೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ. ಕಟ್ಟಿನ ಅಡಿಗೆ ಬಣ್ಣವೂ ಚೂರು ಇಳಿದಿರುತ್ತದೆ. ಆ ಮಸುಕು ಅಂಚು ಬಂದದ್ದು ಹೀಗೆ. ಅದು ದೋಷವಲ್ಲ, ಇಕತ್‌ನ ಗುರುತು.

ಅಸಲಿ ಯಾವುದು, ಪ್ರಿಂಟ್ ಯಾವುದು?

* ಎರಡೂ ಬದಿ ನೋಡಿ. ಇಕತ್‌ನಲ್ಲಿ ಬಣ್ಣ ಎರಡೂ ಕಡೆ ಒಂದೇ ಸಮ. ಸಾಮಾನ್ಯ ಪ್ರಿಂಟ್‌ನ ಹಿಂಬದಿ ಮಂಕು.
* ಕುಚ್ಚು ಅಥವಾ ಅಂಚಿನಿಂದ ಒಂದು ಎಳೆ ಬಿಡಿಸಿ ನೋಡಿ. ಇಕತ್ ನೂಲಿನಲ್ಲಿ ಬಣ್ಣ ಸುತ್ತಲೂ ಇಳಿದಿರುತ್ತದೆ. ಪ್ರಿಂಟ್ ಆದರೆ ಬೇರೆ ಎಳೆಯ ಅಡಿ ಮುಚ್ಚಿದ್ದ ಕಡೆ ಬಿಳಿ ಚುಕ್ಕಿಗಳು ಕಾಣಬಹುದು.
* ಒಂದೇ ವಿನ್ಯಾಸದ ಎರಡು ಹೂಗಳನ್ನು ಹೋಲಿಸಿ. ಅಚ್ಚಿನಂತೆ ಒಂದೇ ಸಮ ಇದ್ದರೆ ಅನುಮಾನಪಡಿ.
* ಲೇಬಲ್ ಗಮನಿಸಿ. ಸಿಲ್ಕ್ ಮಾರ್ಕ್ ಶುದ್ಧ ರೇಷ್ಮೆ ಎಂದಷ್ಟೇ ಹೇಳುತ್ತದೆ. ಕೈಮಗ್ಗದ್ದು ಎಂಬುದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ.

ಪ್ರಿಂಟೆಡ್ ಸ್ಕಾರ್ಫ್ ಕೊಳ್ಳುವುದು ತಪ್ಪೇನಲ್ಲ. ಅದನ್ನೇ 'ಪೋಚಂಪಲ್ಲಿ ಇಕತ್' ಎಂದು ಮಾರಿದಾಗ ಪೆಟ್ಟು ಬೀಳುವುದು ನೇಕಾರನ ಮನೆಗೆ. ಮಗ್ಗದ ಮುಂದೆ ಕಾಣುವುದು ಒಬ್ಬನೇ ಆದರೂ ನೂಲು ಸುತ್ತಿದವರು, ಕಟ್ಟಿದವರು, ಬಣ್ಣ ಹಾಕಿದವರು ಎಲ್ಲರ ಕೂಲಿಯೂ ಆ ಒಂದು ಸ್ಕಾರ್ಫ್‌ನ ಬೆಲೆಯಿಂದಲೇ ಬರಬೇಕು.

ಕೊಂಡ ಮೇಲೆ ಮೊದಲ ಬಾರಿ ಡ್ರೈ ಕ್ಲೀನ್ ಮಾಡಿಸುವುದು ಒಳ್ಳೆಯದು. ನೇರ ಬಿಸಿಲಿಗೆ ಒಣಹಾಕಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು, ಆಗಾಗ ಮಡಿಕೆ ಬದಲಿಸುತ್ತಿದ್ದರೆ ರೇಷ್ಮೆ ಮಡಿಕೆಯಲ್ಲಿ ಸೀಳದೆ ವರ್ಷಗಟ್ಟಲೆ ಬಾಳುತ್ತದೆ.