ಎರಡು ಜೆನರ ಟಿಕೇಟು

ಕಳುದ ಸರ್ತಿ ಹಲಸಿನಕಾಯಿ ಹಪ್ಪಳದ ಶುದ್ದಿ ಬರದಿತ್ತಿದ್ದೆ. ಈ ಸರ್ತಿ ಹಡಗಿನ ಶುದ್ದಿ. ಅಟ್ಟುಂಬೊಳಂದ ಸೀದಾ ಸಮುದ್ರಕ್ಕೆ ಹಾರಿದ್ದು ಎಂತಕೆ ಹೇಳಿ ನೆಗೆ ಮಾಡೆಡಿ, ಕಾರಣ ಇದ್ದು.

ಬಪ್ಪ ದಶಂಬ್ರಕ್ಕೆ ಎಂಗಳ ಮದುವೆ ಆಗಿ 25 ವರ್ಷ. ಮಗಳು ಬೆಂಗ್ಳೂರಿಂದ ಫೋನು ಮಾಡಿ, "ಅಬ್ಬೇ, ನೀನೂ ಅಪ್ಪನೂ ಒಂದರಿ ಕ್ರೂಸಿಂಗೆ ಹೋಗಿ. ಬೊಂಬಾಯಿಲಿ ಹಡಗು ಹತ್ತಿ ಗೋವೆಯೋ ಲಕ್ಷದ್ವೀಪವೋ ನೋಡಿಕ್ಕಿ ಬನ್ನಿ" ಹೇಳಿತ್ತು. ಎನ್ನ ಯೆಜಮಾನ್ರು ಕೇಳಿದವು, "ಕ್ರೂಸ್ ಹೇಳಿರೆ ಎಂತರ? ಎಲ್ಲಿಗೆ ಹೋಪಲೆ?" "ಎಲ್ಲಿಗೂ ಹೋಪಲೆ ಅಲ್ಲ ಅಪ್ಪಾ, ಹಡಗಿಲಿ ಇಪ್ಪಲೆ ಹೇಳಿಯೇ ಹೋಪದು." "ಎಲ್ಲಿಗೂ ಹೋಗದ್ದೆ ಇಪ್ಪಲೆ ಪೈಸೆ ಎಂತಕೆ ಕೊಡೆಕ್ಕು? ಇಲ್ಲಿ ಧರ್ಮಕ್ಕೆ ಇಪ್ಪಲಕ್ಕನ್ನೆ" ಹೇಳಿದವು ಇವು.

ಆದರೂ ಮಂಗಳೂರಿಲಿ ಒಬ್ಬ° ಏಜೆಂಟಿನ ಹತ್ರೆ ಕೇಳಿದೆಯೊ°. ಒಬ್ಬಂಗೆ ಇಷ್ಟು ಹೇಳಿ ಕ್ರಯ ಹೇಳಿದ°. ಕೇಳಿಯಪ್ಪಗ ಭಾರೀ ಹೆಚ್ಚು ಹೇಳಿ ಕಂಡತ್ತಿಲ್ಲೆ. ಮನೆಗೆ ಬಂದು ಕಾಗದ ಓದಿರೆ ಅಡಿಲಿ ಸಣ್ಣ ಅಕ್ಷರಲ್ಲಿ ಇದ್ದು: ಒಂದು ಕೋಣೆಲಿ ಎರಡು ಜೆನ ಇದ್ದರೆ ಮಾಂತ್ರ ಈ ಕ್ರಯ. ಬಂದರಿನ ಖರ್ಚು, ಹಡಗಿನ ಕೆಲಸದವಕ್ಕೆ ಕೊಡುವ ಟಿಪ್ಸು, ಜಿಎಸ್‌ಟಿ ಎಲ್ಲ ಬೇರೆಯೇ. ನಿಂಗೊ ಆರಾದರೂ ಹೋವ್ತರೆ ಮದಾಲು ಆ ಸಣ್ಣ ಅಕ್ಷರವ ಓದಿ, ಮತ್ತೆ ಚಿತ್ರ ನೋಡಿ.

ಅಷ್ಟಪ್ಪಗ ಎನ್ನ ಚಿಕ್ಕಮ್ಮಂಗೆ ಶುದ್ದಿ ಎತ್ತಿತ್ತು. ಅದಕ್ಕೆ 68 ವರ್ಷ. ಚಿಕ್ಕಪ್ಪ° ತೀರಿಹೋಗಿ ಒಂಬತ್ತು ವರ್ಷ ಆತು. ಕಡಲಿನ ಕರೆಂದ ಒಂದೂವರೆ ಗಂಟೆಯ ಬಸ್ಸಿನ ದೂರಲ್ಲಿ ಹುಟ್ಟಿ ಬೆಳದರೂ ಅದು ಕಡಲು ಕಂಡದು ಎರಡೇ ಸರ್ತಿ. ಎರಡು ಸರ್ತಿಯೂ ಸೋಮೇಶ್ವರಲ್ಲಿ ತೀರ್ಥ ಮಿಂದಿಕ್ಕಿ, ಬಸ್ಸಿಂಗೆ ಹೊತ್ತಾತು ಹೇಳಿ ಚೆಂಡಿ ಸೀರೆಲೇ ಓಡಿ ಬಂದದು. ಅದು ಮೆಲ್ಲಂಗೆ ಕೇಳಿತ್ತು, "ಆನೂ ಬಪ್ಪಲಕ್ಕೊ ಕೂಸೆ? ಎನ್ನ ಪೈಸೆ ಆನೇ ಕೊಡ್ತೆ." ಏಜೆಂಟಿಂಗೆ ಫೋನು ಮಾಡಿದೆ. ಒಂದು ಜೆನ ಒಂದು ಕೋಣೆ ತೆಕ್ಕೊಂಡರೆ ಹೆಚ್ಚುಕಡಮ್ಮೆ ಎರಡು ಜೆನರ ಪೈಸೆ ಕೊಡೆಕ್ಕಡ.

ಗೆಂಡ° ಹೋದ ಹೆಂಗಸಿಂಗೆ ದುಪ್ಪಟ್ಟು ಕ್ರಯ ಎಂತಕೆ? ಎನ ಕೋಪ ಬಂತು. ಕೋಪ ಬಂದರೆ ಆನು ಒಂದೋ ಪಾತ್ರೆ ತೊಳೆತ್ತೆ, ಇಲ್ಲದ್ದರೆ ಓದ್ತೆ. ಪಾತ್ರೆ ತೊಳದಾಗಿತ್ತು. ಹಾಂಗಾಗಿ ಹಡಗಿಲಿ ಗೆಂಡ-ಹೆಂಡತ್ತಿ ಹೋದ ಕತೆಯ ಸುರುವಿಂದ ಹುಡ್ಕಿದೆ.

ಮದಲಾಣ ಕಾಲಲ್ಲಿ ಜೋಡಿ ಹೇಳಿ ಆರೂ ಲೆಕ್ಕ ಹಾಕಿಯೊಂಡಿತ್ತಿಲ್ಲೆ. ಇಂಗ್ಲೆಂಡಿಂದ ಆಸ್ಟ್ರೇಲಿಯಕ್ಕೆ ಜೆನಂಗಳ ಸಾಗ್ಸಿದ 19ನೇ ಶತಮಾನದ ಹಡಗುಗಳಲ್ಲಿ ಮದುವೆ ಆಗದ್ದ ಗೆಂಡುಮಕ್ಕೊ ಎದುರಾಣ ಹೊಡೆಲಿ, ಮದುವೆ ಆಗದ್ದ ಕೂಸುಗೊ ಹಿಂದಾಣ ಹೊಡೆಲಿ, ನಡುಕೆ ಸಂಸಾರಸ್ಥರು ಮಕ್ಕಳೊಟ್ಟಿಂಗೆ. ನಮ್ಮ ಮದುವೆ ಮನೆ ಹಂತಿಯ ಹಾಂಗೆ ಹೇಳಿ ಮಡುಗಿ. ಗೆಂಡ-ಹೆಂಡತ್ತಿಗೆ ಸಿಕ್ಕಿದ್ದು ಒಂದು ಹಲಗೆಯ ಅಟ್ಟಳಿಗೆ, ಎದುರಂಗೆ ಹೆಚ್ಚು ಹೇಳಿರೆ ಒಂದು ಪರದೆ. ಬಾಗಿಲಿಪ್ಪ ಕೋಣೆ ಬೇಕಾದರೆ ಮೇಗಾಣ ಕ್ಲಾಸಿನ ಪೈಸೆ ಕೊಡೆಕ್ಕು. ಬಾಗಿಲು ಹಾಕಿಗೊಂಡು ಗೆಂಡನತ್ರೆ ನಾಲ್ಕು ಮಾತಾಡುದುದೇ ಹಣಕ್ಕೆ ಸಿಕ್ಕುವ ಸೊತ್ತು.

ನಮ್ಮಲ್ಲಿ ಕತೆ ಬೇರೆ. ಕಲಿಯುಗಲ್ಲಿ ಬ್ರಾಹ್ಮಣರು ಸಮುದ್ರ ದಾಂಟ್ಲಾಗ ಹೇಳಿ ಶಾಸ್ತ್ರ. ಹೆಮ್ಮಕ್ಕಳ ಮಾತು ಎತ್ತುವ ಹಾಂಗೇ ಇಲ್ಲೆ. ಬ್ರಾಹ್ಮಣರು ಮಾಂತ್ರ ಅಲ್ಲ. 1888ರಲ್ಲಿ ಗಾಂಧಿ ಬೊಂಬಾಯಿಂದ ಲಂಡನಿಂಗೆ ಹೆರಟಪ್ಪಗ ಅವರ ಮೋಢ ಬನಿಯಾ ಜಾತಿಯ ಪಂಚಾಯತಿ ಅವರ ಜಾತಿಂದ ಹೆರ ಹಾಕಿತ್ತು. ಅವಕ್ಕೆ ಸಕಾಯ ಮಾಡಿದವಕ್ಕೆ, ಬಂದರಿಂಗೆ ಹೋಗಿ ಕಳುಸಿಕೊಟ್ಟವಕ್ಕೆ ಒಂದು ರುಪಾಯಿ ನಾಲ್ಕಾಣೆ ದಂಡ! ಆ ಪ್ರಯಾಣಕ್ಕೆ ಪೈಸೆ ಸಾಲದ್ದೆ ಗಾಂಧಿಗೆ ಸುರುವಿಂಗೆ ನೆಂಪಾದ್ದು ಎಂತರ ಗೊಂತಿದ್ದೊ? ಹೆಂಡತ್ತಿಯ ಚಿನ್ನ. ಎರಡು ಮೂರು ಸಾವಿರ ಬಕ್ಕು ಹೇಳಿ ಲೆಕ್ಕ ಹಾಕಿತ್ತಿದ್ದವು ಹೇಳಿ ಅವ್ವೇ ಆತ್ಮಕತೆಲಿ ಬರದ್ದವು. ಅಷ್ಟಪ್ಪಗ ಅಣ್ಣ° ಪೈಸೆ ಹೊಂದುಸುತ್ತೆ ಹೇಳಿದ°. ಕಸ್ತೂರ್ಬಾ ಬಾಬೆಯ ಹಿಡ್ಕೊಂಡು ಮನೆಲಿಯೇ.

ಎಂಟು ವರ್ಷ ಕಳುದು, 1896ರ ಅಖೇರಿಗೆ, ಕಸ್ತೂರ್ಬಾ ಹಡಗು ಹತ್ತಿದವು. ಗೆಂಡ°, ಇಬ್ರು ಮಕ್ಕೊ, ನಾದಿನಿಯ ಮಗ°. ಹಡಗಿನ ಹೆಸರು ಕೋರ್ಲೆಂಡ್. ದಾದಾ ಅಬ್ದುಲ್ಲಾ ಹೇಳುವ ವ್ಯಾಪಾರಸ್ಥರ ಸ್ವಂತ ಹಡಗು, ಟಿಕೇಟು ಧರ್ಮಕ್ಕೆ. ಆದರೆ ಹೆರಡುವ ತಯಾರಿ ಇದ್ದನ್ನೆ, ಅದರ ಓದಿ ಎನಗೆ ಬೇಜಾರಾತು. ನಾಗರಿಕರ ಹಾಂಗೆ ಕಾಣೆಕ್ಕು ಹೇಳಿ ಗಾಂಧಿ ಅವಕ್ಕೆ ಪಾರ್ಸಿ ಕ್ರಮಲ್ಲಿ ಸೀರೆ ಸುತ್ತುಸಿದವು. ಅಭ್ಯಾಸ ಇಲ್ಲದ್ದ ಕಾಲಿಂಗೆ ಬೂಡ್ಸು, ಸಾಕ್ಸು. ಬೂಡ್ಸು ಕಚ್ಚಿ ಕಾಲಬೆರಳು ಹುಣ್ಣಾತು, ಸಾಕ್ಸು ಬೆಗರಿಲಿ ನಾತ ಬಂತು. ಉಂಬಲೆ ಕೈ ಹಾಕುಲಾಗ, ಚೂರಿಯೂ ಮುಳ್ಳು ಚಮಚವೂ. ದಾರಿಲಿ ಒಂದು ಇಡೀ ದಿನ ತೂಫಾನು ಬೇರೆ. ಡರ್ಬಾನಿಂಗೆ ಎತ್ತಿದ ಮತ್ತೆಯೂ, ಬೊಂಬಾಯಿಲಿ ಪ್ಲೇಗು ಇದ್ದು ಹೇಳಿ 23 ದಿನ ಇಳಿವಲೆ ಬಿಟ್ಟವಿಲ್ಲೆ. ಆ ವೇಷದ ಮರುಳಿನ ಗಾಂಧಿ ಮತ್ತೆ ಬಿಟ್ಟವು, ತಪ್ಪಿನ ಒಪ್ಪಿಗೊಂಡು ಬರದವುದೇ. ಕಸ್ತೂರ್ಬಾ ಬರದಿತ್ತಿದ್ದರೆ ಎಂತ ಬರೆತ್ತಿತವೋ.

ಇನ್ನು ಸುಮ್ಮನೆ, ಕೆಲಸ ಇಲ್ಲದ್ದೆ, ಸಮುದ್ರ ನೋಡ್ಲೆ ಹೇಳಿಯೇ ಹೋಪ ಕ್ರಮ. ಇದು ಹುಟ್ಟಿದ್ದು ಖಾಲಿ ಹಾಸಿಗೆಯ ಹೆದರಿಕೆಂದ ಹೇಳಿ ಎನಗೆ ಕಾಣ್ತು. 1844ರಲ್ಲಿ ಪಿ ಎಂಡ್ ಓ ಕಂಪೆನಿ, ಟಪ್ಪಾಲು ಹೊರುವ ಹಡಗುಗಳಲ್ಲಿ ಜೆನವೂ ತುಂಬಲಿ ಹೇಳಿ, ಥ್ಯಾಕರೆ ಹೇಳುವ ಕಾದಂಬರಿಕಾರಂಗೆ ಧರ್ಮಕ್ಕೆ ಟಿಕೇಟು ಕೊಟ್ಟತ್ತು. ಅವ° ಕೈರೋ ವರೆಗೆ ತಿರುಗಿ ಬಂದು ಪುಸ್ತಕ ಬರದ°. ಅವನ ಹೆಂಡತ್ತಿಗೆ ಅಷ್ಟಪ್ಪಗ ಮನಸ್ಸಿನ ಅಸೌಖ್ಯ, ಒಬ್ಬನೇ ಹೋದ್ದು.

ನಿಜವಾದ ಸುರು 1891ರಲ್ಲಿ. ಜರ್ಮನಿಯ ಹಾಂಬರ್ಗಿಲಿ ಆಲ್ಬರ್ಟ್ ಬಾಲಿನ್ ಹೇಳಿ ಒಬ್ಬ° ಹಡಗು ಕಂಪೆನಿ ನೋಡಿಗೊಂಡಿತ್ತಿದ್ದ°. ಬೇಸಗೆಲಿ ಅಮೇರಿಕಕ್ಕೆ ಹೋಪವು ತುಂಬ ಜೆನ. ಚಳಿಗಾಲಲ್ಲಿ ಆ ಅಟ್ಲಾಂಟಿಕ್ ಸಮುದ್ರಲ್ಲಿ ಹೋಪಲೆ ಆರಿಂಗೆ ಬೇಕು? ದೊಡ್ಡ ಹಡಗುಗೊ ಸುಮ್ಮನೆ ಕೂದರೂ ಖರ್ಚು ಮಾಂತ್ರ ಓಡುಗು. ಹಾಲು ಬತ್ತಿದ ದನಕ್ಕೂ ಹುಲ್ಲು ಹಾಕೆಕ್ಕನ್ನೆ, ಹಾಂಗೆ. ಅವ° ಆಗಸ್ಟಾ ವಿಕ್ಟೋರಿಯಾ ಹೇಳುವ ಹಡಗಿನ ಜನವರಿ 22ಕ್ಕೆ ಬೆಶಿಲಿಪ್ಪ ಹೊಡೆಂಗೆ ತಿರುಗುಸಿದ°. ಅಲೆಕ್ಸಾಂಡ್ರಿಯಾ, ಜಾಫಾ, ಬೈರೂತ್, ಕಾನ್‌ಸ್ಟಾಂಟಿನೋಪಲ್, ಮಾಲ್ಟಾ, ಲಿಸ್ಬನ್ ಹೇಳಿ ಸುಮಾರು ಎರಡು ತಿಂಗಳು. ಒಟ್ಟು 241 ಜೆನ. ಗೆಂಡುಮಕ್ಕೊಂದ ಹೆಮ್ಮಕ್ಕೊ ಸುಮಾರು ಕಡಮ್ಮೆ. ಬಾಲಿನ್ ಅವನ ಹೆಂಡತ್ತಿ ಮರಿಯಾನೆಯನ್ನೂ ಕರಕ್ಕೊಂಡು ಹೋದ°. ಒಂದು ತಮಾಷೆ ಹೇಳ್ತೆ: ಆ ಹಡಗಿಂಗೆ ಹೆಸರು ಮಡುಗಿದ್ದು ಚಕ್ರವರ್ತಿಯ ಹೆಂಡತ್ತಿಯದ್ದು. ಅದರ ಸರಿ ಹೆಸರು ಆಗಸ್ಟೆ, ಹಡಗಿಲಿ ಬರದ್ದು ಆಗಸ್ಟಾ! ಸರಿ ಮಾಡಿದ್ದು 1897ರಲ್ಲಿ. ರಾಣಿಯ ಹೆಸರೇ ಹಾಂಗಾವ್ತರೆ ನಮ್ಮದರ ಕೇಳೆಕ್ಕೊ.

ಆ ತಿರುಗಾಟ ಚೆಂದಕೆ ಆದ್ದರ ನೋಡಿ, ಬರೇ ತಿರುಗುಲೆ ಹೇಳಿಯೇ 1900ರಲ್ಲಿ ಹೊಸ ಹಡಗು ಕಟ್ಟುಸಿದವು, ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸೆ. ಎಲ್ಲ ಕೋಣೆಗಳೂ ಫಸ್ಟ್ ಕ್ಲಾಸು. ಲೈಬ್ರೆರಿ, ವ್ಯಾಯಾಮದ ಕೋಣೆ, ತೆಗದ ಪಟವ ತೊಳವಲೆ ಕತ್ತಲೆ ಕೋಣೆ ಎಲ್ಲ ಇತ್ತು. ಆರೇ ವರ್ಷಲ್ಲಿ ಜಮೈಕದ ಹತ್ತರೆ ಕಲ್ಲಿಂಗೆ ಹತ್ತಿ ಹಾಳಾತು.

ಇದೆಲ್ಲ ಶ್ರೀಮಂತರ ಕತೆ. ನಮ್ಮ ಹಾಂಗಿಪ್ಪವರ ಕೈಗೆ ಬಂದದು ವಿಮಾನಂದಾಗಿ. 1958ರ ಅಕ್ಟೋಬರಿಲಿ ಲಂಡನಿಂದ ನ್ಯೂಯಾರ್ಕಿಂಗೆ ಜೆಟ್ ವಿಮಾನ ಸುರು ಆತು. ಐದಾರು ದಿನದ ದಾರಿ ಒಂದು ಹಗಲಿನ ಒಳ ಮುಗಿವದಾದರೆ ಹಡಗು ಆರಿಂಗೆ ಬೇಕು? ಪುನಾ ಖಾಲಿ ಹಾಸಿಗೆ. 1966ರಲ್ಲಿ ನಾರ್ವೆಯ ಕ್ನುಟ್ ಕ್ಲೋಸ್ಟರ್, ಟೆಡ್ ಆರಿಸನ್ ಹೇಳಿ ಇಬ್ರು ಸೇರಿ ಅಮೇರಿಕದ ಮಯಾಮಿಂದ ಸನ್‌ವರ್ಡ್ ಹೇಳುವ ಹಡಗಿನ ಮೂರು ನಾಲ್ಕು ದಿನದ ತಿರುಗಾಟಕ್ಕೆ ಬಿಟ್ಟವು. ಆರಿಸನ್ ಮತ್ತೆ ಬೇರೆ ಆಗಿ, 1972ರಲ್ಲಿ ಒಂದು ಹಳೇ ಹಡಗು ತೆಗದು ಕಾರ್ನಿವಲ್ ಕಂಪೆನಿ ಸುರು ಮಾಡಿದ°. ಸುರುವಾಣ ದಿನವೇ ಆ ಹಡಗು ಬಂದರಿನ ಬಾಗಿಲಿಲೇ ಹೊಯಿಗೆಲಿ ಹೂತತ್ತು.

ಗೆಂಡ-ಹೆಂಡತ್ತಿಯೇ ಹಡಗಿಂಗೆ ಹೋಯೆಕ್ಕಾದವು ಹೇಳಿ ಜೆನರ ತಲೆಲಿ ಕೂರುಸಿದ್ದು ಟಿವಿ. ಹಡಗಿಲಿ ಕೆಲಸ ಮಾಡಿದ ಜೆರಾಲ್ಡೀನ್ ಸಾಂಡರ್ಸ್ ಹೇಳುವ ಹೆಂಗಸಿನ ಪುಸ್ತಕಂದ ಅಮೇರಿಕಲ್ಲಿ 1977ರಲ್ಲಿ ದ ಲವ್ ಬೋಟ್ ಹೇಳುವ ಧಾರಾವಾಹಿ ಸುರು ಆಗಿ 1986ರ ವರೆಗೆ ಬಂತು. ವಾರ ವಾರ ಹೊಸ ಜೋಡಿಗೊ ಹಡಗು ಹತ್ತುದು, ಜಗಳ ಮಾಡುದು, ಒಂದಪ್ಪದು. ಅಲ್ಲಿಂದ ಮತ್ತೆ ಹಡಗು ಹೇಳಿರೆ ಜೋಡಿ.

ಈಗ ಎನ್ನ ಪ್ರಶ್ನೆಗೆ ಬತ್ತೆ. ಮದಲಾಣ ಹಡಗುಗಳಲ್ಲಿ ಕ್ರಯ ಹಾಸಿಗೆಗೆ. ಗುರ್ತ ಇಲ್ಲದ್ದ ಎರಡು ಹೆಮ್ಮಕ್ಕೊ ಒಂದು ಕೋಣೆಲಿ ಮೇಲೆ ಕೆಳ ಒರಗುಗು. ಒಂದೇ ಜೆನಕ್ಕೆ ಹೇಳಿ ಸಣ್ಣ ಕೋಣೆಗಳೂ ಇತ್ತು. 1969ರ ಕ್ವೀನ್ ಎಲಿಜಬೆತ್ 2 ಹಡಗಿಲಿಯೂ ಇತ್ತು. ತಿರುಗಾಟಕ್ಕೇ ಹೇಳಿ ಕಟ್ಟಿದ ಹೊಸ ಹಡಗುಗಳಲ್ಲಿ ಮಾಂತ್ರ ಕೋಣೆಗೊ ಎಲ್ಲ ಒಂದೇ ಅಚ್ಚು, ಎರಡು ಜೆನಕ್ಕೆ. ಹಡಗಿನವಕ್ಕೆ ಲಾಭ ಟಿಕೇಟಿಂದ ಮಾಂತ್ರ ಅಲ್ಲ, ಒಳ ಹೋದ ಮತ್ತೆ ನಾವು ಕುಡಿವ, ತೆಗವ, ಆಡುವ ಪೈಸೆಂದಲೂ. ಹಾಸಿಗೆ ಖಾಲಿ ಇದ್ದರೆ ಆ ಪೈಸೆಯೂ ಹೋತನ್ನೆ. ಹಾಂಗಾಗಿ ಹಡಗಿಂಗೆ ವಿಧವೆಯೂ ಗೊಂತಿಲ್ಲೆ, ಬ್ರಹ್ಮಚಾರಿಯೂ ಗೊಂತಿಲ್ಲೆ. ಅದು ಲೆಕ್ಕ ಮಾಡುದು ತಲೆಯ ಅಲ್ಲ, ತಲೆಕೊಂಬಿನ. 2010ರ ನಾರ್ವೇಜಿಯನ್ ಎಪಿಕ್ ಹಡಗಿಲಿ ಒಬ್ಬೊಬ್ಬಂಗೆ ಹೇಳಿ 128 ಕೋಣೆ ಕಟ್ಟಿದವಡ. ಎಂಗೊ ಕೇಳಿದ ಹಡಗಿಲಿ ಅದಿಲ್ಲೆ. ಬೊಂಬಾಯಿಂದ ಹೆರಡುವ ಎಂಪ್ರೆಸ್ ಇದ್ದಲ್ಲದೊ, ಅದು 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಹೇಳುವ ಹೆಸರಿಲಿ ಕಟ್ಟಿದ ಹಡಗು. ಮಯಾಮಿಂದ ಬಹಾಮಾಸಿಂಗೆ ಮೂರು ನಾಲ್ಕು ದಿನದ ತಿರುಗಾಟಕ್ಕೆ ಹೇಳಿಯೇ ಕಟ್ಟಿದ್ದು. 2021ರಿಂದ ಇಲ್ಲಿ ತಿರುಗುತ್ತು. ಅಲ್ಯಾಣ ಜೋಡಿಗೊಕ್ಕೆ ಹೇಳಿ ಅಳತೆ ತೆಗದ ಕೋಣೆಲಿ ಈಗ ನಾವು ಹೋಗಿ ಹೊಂದಿಗೊಳ್ಳೆಕ್ಕು.

ಇದರೆಲ್ಲ ಚಿಕ್ಕಮ್ಮಂಗೆ ಬಾಯಿಲಿ ಹೇಳಿದೆ. ಅದು ಹೇಳಿತ್ತು, "ಎನ್ನ ಅಪ್ಪ° ಮಂಗಳೂರಿನ ಬಂದರಿಂದ ಹಡಗಿಲಿ ಬೊಂಬಾಯಿಗೆ ಹೋದವಡ. ಹಡಗು ದೂರಲ್ಲಿ ನಿಂಗು, ದೋಣಿಲಿ ಕೂದು ಹೋಗಿ ಹತ್ತೆಕ್ಕು. ಅಬ್ಬೆ ಬಂದರಿಲಿ ನಿಂದು ನೋಡಿದ್ದು ಮಾಂತ್ರ." ಮತ್ತೆ ರಜ ತಡದು, "ಓ ಮೊನ್ನೆ ಮೂಡಬಿದ್ರೆ ಸಾವಿರ ಕಂಬದ ಬಸದಿಲಿ ಪಣಂಬೂರಿನ ಹಡಗಿಲಿ ಬಂದ ಬೆಳಿ ಜೆನಂಗೊ ಇತ್ತಿದ್ದವು. ಎರಡು ಅಜ್ಜಿಯಕ್ಕೊ ಕೈ ಹಿಡ್ಕೊಂಡು ಮೆಟ್ಲು ಹತ್ತಿಯೊಂಡಿತ್ತಿದ್ದವು. ಗೆಂಡಂದ್ರು ಇತ್ತಿದ್ದವಿಲ್ಲೆ."

ಒಂದೇ ಕೋಣೆಲಿ ಮೂರನೆಯವಕ್ಕೆ ಗೋಡೆಂದ ಎಳದು ಬಿಡ್ಸುವ ಹಾಸಿಗೆ ಇದ್ದಡ, ಅದಕ್ಕೆ ಕ್ರಯ ಕಡಮ್ಮೆ. ಹೇಳಿದ್ದೇ ತಡ, "ಶಿವನೇ, ಅಳಿಯ° ಒರಗುವ ಕೋಣೆಲಿ ಆನೊ!" ಹೇಳಿ ಚಿಕ್ಕಮ್ಮ ಎದ್ದತ್ತು. ಯೆಜಮಾನ್ರು ಪೇಪರಿಂದ ಮೋರೆ ತೆಗೆಯದ್ದೆ ಹೇಳಿದವು, "ದಶಂಬ್ರಲ್ಲಿ ಅಡಕ್ಕೆ ಕೊಯಿಲು ಇದ್ದು. ದನ ಕರವಲೆ ಆರು ಬೇಕು? ನಿಂಗೊ ಇಬ್ರು ಹೋಗಿ. ಟಿಕೇಟಿಲಿ ಎರಡು ಜೆನ ಹೇಳಿ ಇಪ್ಪದು, ಗೆಂಡ-ಹೆಂಡತ್ತಿ ಹೇಳಿ ಇಲ್ಲೆನ್ನೆ."

25 ವರ್ಷ ಇವಕ್ಕೂ ಆದ್ದಲ್ಲದೊ. ಎನಗೆ ಕೊಶಿಯೂ ಆತು, ಬೇಜಾರೂ ಆತು. "ಮತ್ತೊಂದರಿ ನಾವಿಬ್ರೂ ಹೋಪ" ಹೇಳಿದವು. ದನ ಅಂಬಗಳೂ ಇಕ್ಕು. ಆ ದಿನ ಇರುಳು ಆನು ಹೆಚ್ಚು ಮಾತಾಡಿದ್ದಿಲ್ಲೆ, ಅವುದೇ ಮಾತಾಡಿದ್ದವಿಲ್ಲೆ. ಉದಿಯಪ್ಪಗ ಏಜೆಂಟಿನ ನಂಬ್ರ ಅವ್ವೇ ಒತ್ತಿ ಫೋನು ಎನ್ನ ಕೈಗೆ ಕೊಟ್ಟವು.

ಅಡ್ವಾನ್ಸು ಕೊಟ್ಟಾಯಿದು. ಕೋಣೆ ಕೆಳಾಣ ಮಾಳಿಗೆಲಿ, ಹಡಗಿನ ನಡುಕೆ; ಅಲ್ಲಿ ಆಡುದು ಕಡಮ್ಮೆ, ವಾಂತಿ ಅಪ್ಪವಕ್ಕೆ ಅದೇ ಒಳ್ಳೆದು. ಕಿಟಿಕಿ ಇಪ್ಪ ಕೋಣೆಗೆ ರಜ ಹೆಚ್ಚು ಆತು, ಆ ಹೆಚ್ಚಿನ ಪೈಸೆಯ ಚಿಕ್ಕಮ್ಮ ಹಟ ಮಾಡಿ ಕೊಟ್ಟತ್ತು. ಜೋಡುಸಿ ಮಡುಗುವ ಹಾಸಿಗೆಯ ಬೇರೆ ಬೇರೆ ಮಾಡಿ ಹಾಕಲೆ ಬರೆಶಿದ್ದೆ. ಊಟ ನೀರುಳ್ಳಿ ಬೆಳ್ಳುಳ್ಳಿ ಇಲ್ಲದ್ದೆ, ಅದರನ್ನೂ ಬರೆಶಿದ್ದೆ. ಇನ್ನು ಒಂದೇ ಉಪದ್ರ. ಚಿಕ್ಕಮ್ಮನ ಗುರ್ತಿನ ಕಾರ್ಡಿಲಿ 'ಸರಸ್ವತಿ' ಹೋಗಿ 'ಸರಸತಿ' ಆಯಿದು. ಟಿಕೇಟಿಲಿಪ್ಪ ಹೆಸರೂ ಕಾರ್ಡಿಲಿಪ್ಪ ಹೆಸರೂ ಒಂದೇ ಆಯೆಕ್ಕಡ, ಬಪ್ಪ ಸೋಮವಾರ ಅದರ ಸರಿ ಮಾಡ್ಸಲೆ ಇಬ್ರೂ ಪುತ್ತೂರಿಂಗೆ ಹೋವ್ತೆಯೊ°.