ಗುರುತ್ವವನ್ನು ಅಳೆಯುವ ಲೇಸರ್ ಕಿರಣ

ಮೈಸೂರಿನ ಕೆಸರೆಯಲ್ಲಿ ಜಿಪಿಎಸ್ ಉಪಕರಣ ಲೆಕ್ಕ ಹಾಕುವ ಮೂಲ ಎತ್ತರಕ್ಕೂ ಸಮುದ್ರಮಟ್ಟದಿಂದ ಅಳೆದ ಎತ್ತರಕ್ಕೂ 80 ಮೀಟರ್‌ಗಿಂತ ಹೆಚ್ಚಿನ ಅಂತರವಿದೆ. ಜಿಪಿಎಸ್ ಅಂಕಿಯೇ ಕಡಿಮೆ. ಇದು ಉಪಕರಣದ ದೋಷವಲ್ಲ. ಧ್ರುವಗಳಲ್ಲಿ ತುಸು ಚಪ್ಪಟೆಯಾದ, ನುಣುಪಾದ ಕಾಲ್ಪನಿಕ ಗೋಳವೇ ಜಿಪಿಎಸ್‌ಗೆ ಆಧಾರ. ಸಮುದ್ರಮಟ್ಟವಾದರೋ ಗುರುತ್ವಾಕರ್ಷಣೆಗೆ ತಕ್ಕಂತೆ ಉಬ್ಬಿ ತಗ್ಗುತ್ತದೆ. ನೆಲದ ಅಡಿಯಲ್ಲೂ ಮುಂದುವರಿದಂತೆ ಭಾವಿಸುವ ಈ ಮೇಲ್ಮೈಗೆ 'ಜಿಯಾಯ್ಡ್' ಎಂದು ಹೆಸರು. ಕೊಳವೆ, ಚರಂಡಿ, ನಾಲೆಗಳಲ್ಲಿ ನೀರು ಯಾವ ಕಡೆಗೆ ಹರಿಯುತ್ತದೆಂಬುದನ್ನು ನಿರ್ಧರಿಸುವುದು ಗುರುತ್ವ. ಆದ್ದರಿಂದ ಜಿಪಿಎಸ್ ಎತ್ತರವನ್ನು ಕಾಮಗಾರಿಗೆ ಬಳಸುವ ಮೊದಲು ಜಿಯಾಯ್ಡ್ ಲೆಕ್ಕದಿಂದ ತಿದ್ದಬೇಕು.

ಈ ಲೆಕ್ಕದ ತಳಹದಿಗಳಲ್ಲಿ ಒಂದು ಉಪಗ್ರಹ ಲೇಸರ್ ದೂರಮಾಪನ. ಭೂಕೇಂದ್ರದ ದೂರದರ್ಶಕವು ಉಪಗ್ರಹದತ್ತ ಅತಿ ಕ್ಷಣಿಕ ಲೇಸರ್ ಮಿಂಚುಗಳನ್ನು ಕಳುಹಿಸುತ್ತದೆ. ಉಪಗ್ರಹದ ಮೇಲಿನ ಪ್ರತಿಫಲಕಗಳು ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತವೆ. ಹೋಗಿಬರುವ ಸಮಯದಿಂದ ದೂರವನ್ನು ಸೆಂಟಿಮೀಟರ್ ಮಟ್ಟದ ನಿಖರತೆಯಲ್ಲಿ ಕಂಡುಹಿಡಿಯಲಾಗುತ್ತದೆ. ಭೂಮಿಯೊಳಗೆ ದ್ರವ್ಯ ಸಮನಾಗಿ ಹಂಚಿಕೆಯಾಗಿಲ್ಲದ ಕಾರಣ ಉಪಗ್ರಹದ ಕಕ್ಷೆ ಸೂಕ್ಷ್ಮವಾಗಿ ವಾಲುತ್ತದೆ. ಆ ವಾಲಿಕೆಯನ್ನು ಬಹುಕಾಲ ಗಮನಿಸಿ ಗುರುತ್ವದ ಮಾದರಿ ರಚಿಸುತ್ತಾರೆ.

1976ರಲ್ಲಿ ಅಮೆರಿಕದ ನಾಸಾ ಹಾರಿಸಿದ 'ಲಾಜಿಯೋಸ್' ಇದಕ್ಕೆಂದೇ ರೂಪುಗೊಂಡ ಉಪಗ್ರಹ. 60 ಸೆಂ.ಮೀ. ವ್ಯಾಸದ, 400 ಕಿಲೋಗ್ರಾಂಗೂ ಮೀರಿದ ತೂಕದ ಈ ಗೋಳದಲ್ಲಿ ಯಂತ್ರಗಳಿಲ್ಲ, 426 ಪ್ರತಿಫಲಕಗಳಿವೆ. ಸುಮಾರು 5,900 ಕಿ.ಮೀ. ಎತ್ತರದಲ್ಲಿರುವ ಅದು ನೆತ್ತಿಯ ಮೇಲಿದ್ದಾಗ ಬೆಳಕು ಹೋಗಿಬರಲು 0.04 ಸೆಕೆಂಡ್ ಸಾಕು. 1992ರಲ್ಲಿ ಎರಡನೆಯ ಲಾಜಿಯೋಸ್ ಕಕ್ಷೆ ಸೇರಿತು.

ಜಗತ್ತಿನ ಜಿಯಾಯ್ಡ್‌ನ ಅತ್ಯಂತ ಆಳದ ತಗ್ಗು ಹಿಂದೂ ಮಹಾಸಾಗರದಲ್ಲಿ, ಭಾರತದ ದಕ್ಷಿಣಕ್ಕಿದೆ. ಅದರ ಆಳ ಸುಮಾರು 106 ಮೀಟರ್. ಕರ್ನಾಟಕದ ಅಂಕಿಗಳ ಮೇಲೂ ಈ ವಿಶಾಲ ತಗ್ಗಿನ ಪ್ರಭಾವವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯೀ ಘೋಷ್ 2023ರಲ್ಲಿ ಇದಕ್ಕೊಂದು ವಿವರಣೆ ನೀಡಿದರು. ಪುರಾತನ ಟೆಥಿಸ್ ಸಾಗರದ ತಳ ಭೂಗರ್ಭಕ್ಕೆ ಕುಸಿದಾಗ ಆಫ್ರಿಕಾದ ಅಡಿಯ ಬಿಸಿದ್ರವ್ಯ ಕದಡಿ ಮೇಲೇರಿತು; ಹಗುರವಾದ ಆ ದ್ರವ್ಯವೇ ಇಲ್ಲಿ ಗುರುತ್ವ ಕುಗ್ಗಲು ಕಾರಣ ಎಂಬುದು ಅವರ ನಿಲುವು.

2002ರಲ್ಲಿ ಹಾರಿದ 'ಗ್ರೇಸ್' ಜೋಡಿ ಉಪಗ್ರಹಗಳೂ 2018ರ ಅವುಗಳ ಉತ್ತರಾಧಿಕಾರಿಗಳೂ ಗುರುತ್ವದ ಇನ್ನಷ್ಟು ಸೂಕ್ಷ್ಮ ಚಿತ್ರ ನೀಡಿವೆ. ಆದರೂ ಭೂಮಿಯ ಚಪ್ಪಟೆತನದ ಅಳತೆಯಲ್ಲಿ ಅವು ಅಷ್ಟು ನೆಚ್ಚತಕ್ಕವಲ್ಲ. ಆ ಒಂದು ಅಂಕಿಗೆ ವಿಜ್ಞಾನಿಗಳು ಇಂದಿಗೂ ಲೇಸರ್ ದೂರಮಾಪನವನ್ನೇ ಆಶ್ರಯಿಸುತ್ತಾರೆ.