ರಕ್ತಕ್ಕೂ ಮಿದುಳಿಗೂ ನಡುವಣ ತಡೆ: ಒಂದು ಪರಿಕಲ್ಪನೆಯ ಚರಿತ್ರೆ

ಪ್ರಯೋಗದ ಫಲ ನಿಜವಾಗಿದ್ದು, ಅದಕ್ಕೆ ಹೇಳಿದ ಅರ್ಥ ಮಾತ್ರ ತಪ್ಪಾದ ನಿದರ್ಶನಗಳು ವಿಜ್ಞಾನದ ಚರಿತ್ರೆಯಲ್ಲಿ ವಿರಳವಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಯ ಶೋಧವು ಅಂಥದೊಂದು. ಈ ಶೋಧವು ಪ್ರಯೋಗಶಾಲೆಯಲ್ಲಿ ಒಂದು ದಾರಿಯನ್ನೂ ರೋಗಿಯ ಹಾಸಿಗೆಯ ಬಳಿ ಇನ್ನೊಂದು ದಾರಿಯನ್ನೂ ಹಿಡಿದು ನಡೆಯಿತು. ಅವೆರಡೂ ಕೂಡಿದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗುವುದು.

1885ರಲ್ಲಿ ಜರ್ಮನಿಯ ಪಾಲ್ ಏರ್ಲಿಕನು ಪ್ರಾಣಿಗಳ ರಕ್ತಕ್ಕೆ ಕೆಲವು ಬಣ್ಣಗಳನ್ನು ಸೇರಿಸಿ ಪರೀಕ್ಷಿಸಿದನು. ಉಳಿದ ಅಂಗಗಳು ಬಣ್ಣವನ್ನು ತಳೆದುವು. ಮಿದುಳು ಮಾತ್ರ ಹಾಗೆಯೇ ಉಳಿಯಿತು. ಆ ಬಣ್ಣಗಳನ್ನು ಹಿಡಿದಿಡುವ ಶಕ್ತಿ ಮಿದುಳಿಗಿಲ್ಲವೆಂದು ಆತನು ಬಗೆದನು. ಆತನ ಶಿಷ್ಯ ಗೋಲ್ಡ್‌ಮನ್ನನು 1913ರಲ್ಲಿ ಪ್ರಯೋಗವನ್ನು ತಿರುವುಮುರುವು ಮಾಡಿ, ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವಕ್ಕೇ ಟ್ರೈಪಾನ್ ನೀಲಿಯನ್ನು ಸೇರಿಸಿದನು. ಈಗ ಮಿದುಳು ನೀಲಿಯಾಯಿತು. ಉಳಿದ ಅಂಗಗಳು ಬಣ್ಣಗೊಳ್ಳಲಿಲ್ಲ. ಬಣ್ಣ ಹಿಡಿಯುವ ಶಕ್ತಿ ಮಿದುಳಿಗುಂಟು, ರಕ್ತದಿಂದ ಅಲ್ಲಿಗೆ ಹಾದಿಯಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಜಿನೀವದಲ್ಲಿದ್ದ ಲೀನಾ ಸ್ಟರ್ನ್ 1921ರಲ್ಲಿ ಈ ತಡೆಗೆ ಹೆಸರಿಟ್ಟು, ಅದರ ವ್ಯವಸ್ಥಿತ ಅಭ್ಯಾಸವನ್ನು ಮುಂದುವರಿಸಿದಳು.

ಇತ್ತ ವೈದ್ಯರು ಮಿದುಳು ಪೊರೆಯ ಉರಿಯೂತವನ್ನು ಎದುರಿಸುತ್ತಿದ್ದರು. ಅದರ ಒಂದು ಮುಖ್ಯ ರೋಗಾಣುವನ್ನು ವಿಯೆನ್ನಾದ ವೈಕ್ಸೆಲ್‌ಬೌಮನು 1887ರಲ್ಲಿ ಗುರುತಿಸಿದ್ದನು. ಸೊಂಟದ ಬಳಿ ಸೂಜಿ ಚುಚ್ಚಿ ಬೆನ್ನುಹುರಿಯ ದ್ರವವನ್ನು ತೆಗೆಯುವ ವಿಧಾನವನ್ನು 1891ರಲ್ಲಿ ಕ್ವಿಂಕೆ ಬಳಕೆಗೆ ತಂದನು. ನ್ಯೂಯಾರ್ಕಿನ ಸೈಮನ್ ಫ್ಲೆಕ್ಸ್‌ನರನು ಇದೇ ಹಾದಿಯಿಂದ ಕುದುರೆಯ ಸೀರಮನ್ನು ನೇರವಾಗಿ ಆ ದ್ರವಕ್ಕೆ ಸೇರಿಸಿದನು. ರೋಗಿಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದ ಕಾಲವದು. ಸುಮಾರು 1,300 ರೋಗಿಗಳನ್ನು ಕುರಿತ 1913ರ ವರದಿಯಲ್ಲಿ ಮರಣವು ನೂರಕ್ಕೆ ಸುಮಾರು 31ಕ್ಕೆ ಇಳಿದಿತ್ತು. ಮಿದುಳನ್ನು ಕಾಯುವ ತಡೆಯೇ ಮದ್ದಿಗೂ ಅಡ್ಡಿಯಾಗಬಲ್ಲುದು; ಅದನ್ನು ಬಳಸಿ ಹೋದರೆ ಜೀವ ಉಳಿಯಬಲ್ಲುದು ಎಂಬುದಕ್ಕೆ ಇದು ಸಾಕ್ಷಿ.

ಪೆನಿಸಿಲಿನ್ ಬಂದಾಗ ಅದನ್ನೂ ಮೊದಲಲ್ಲಿ ಬೆನ್ನಿನ ಮೂಲಕವೇ ಕೊಡುತ್ತಿದ್ದರು. ಆದರೆ ಆರೋಗ್ಯವಂತರಲ್ಲಿ ಅಷ್ಟಾಗಿ ಒಳಹೋಗದ ಈ ಔಷಧಿಯು, ಪೊರೆಗಳು ಉರಿಯೂತಗೊಂಡಾಗ ರಕ್ತದಿಂದಲೇ ಸಾಕಷ್ಟು ಒಳಸೇರುವುದೆಂದು ತರುವಾಯ ತಿಳಿದುಬಂದಿತು. ಹಾಗಾದರೆ ಸೋಂಕು ತಡೆಯನ್ನೇ ಸಡಿಲಿಸುತ್ತಿತ್ತು. ಆ ತಡೆ ಇರುವುದೆಲ್ಲಿ? 1967ರಲ್ಲಿ ರೀಸ್ ಮತ್ತು ಕಾರ್ನೋವ್ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಉತ್ತರ ಕೊಟ್ಟರು. ಮಿದುಳಿನ ಅತಿಸೂಕ್ಷ್ಮ ರಕ್ತನಾಳಗಳ ಒಳಪದರದ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿವೆ. ಇಲಿಗಳ ರಕ್ತಕ್ಕೆ ಸೇರಿಸಿದ ಕಿಣ್ವವು ಆ ಬೆಸುಗೆಯ ಬಳಿಯೇ ನಿಂತಿತು.

ಇಲ್ಲಿಗೆ ಎರಡು ದಾರಿಗಳೂ ಕೂಡಿದುವು. ವೈಕ್ಸೆಲ್‌ಬೌಮನ ರೋಗಾಣು ಈ ಜೀವಕೋಶಗಳಿಗೆ ಅಂಟಿಕೊಂಡು ಬೆಸುಗೆಗಳನ್ನು ಸಡಿಲಿಸುವುದೆಂದು ಮುಂದಿನ ಸಂಶೋಧನೆಗಳು ತೋರಿಸಿವೆ. ಉರಿಯೂತದಿಂದ ತಡೆ ಇನ್ನಷ್ಟು ಕೆಡುತ್ತದೆ. ರಕ್ತದ ದ್ರವವೂ ಪ್ರೋಟೀನುಗಳೂ ಸೋರಿ, ಹಿಗ್ಗಲಾರದ ತಲೆಬುರುಡೆಯೊಳಗೆ ಮಿದುಳು ಊದಿಕೊಳ್ಳುತ್ತದೆ. ಮದ್ದಿಗೆ ತೆರೆದ ಬಾಗಿಲೇ ಅಪಾಯಕ್ಕೂ ತೆರೆದಿರುತ್ತದೆ. ರೋಗ ಇಳಿದಂತೆ ಆ ಬಾಗಿಲು ಮತ್ತೆ ಮುಚ್ಚತೊಡಗುವುದು. ಆದುದರಿಂದಲೇ ರೋಗಿ ಚೇತರಿಸಿಕೊಂಡಂತೆ ಕಂಡರೂ ವೈದ್ಯರು ಪೆನಿಸಿಲಿನ್ನಿನ ಪ್ರಮಾಣವನ್ನು ನಡುವೆ ತಗ್ಗಿಸುವುದಿಲ್ಲ. ಏರ್ಲಿಕನ ಬಣ್ಣದಿಂದ ಮೊದಲಾದ ಪ್ರಶ್ನೆ ಇಂದು ಈ ನಿಯಮದಲ್ಲಿ ದಿನವೂ ಬಳಕೆಯಾಗುತ್ತಿದೆ.